ಗುರುತಿನ ಪರೀಕ್ಷೆ

ತುರ್ಕು. ಜನವರಿ. ಬೆಳಗಿನ ಎಂಟಕ್ಕೂ ಕತ್ತಲೆ.
ನೆಲಮಾಳಿಗೆಯಲ್ಲಿ ನನ್ನ ಕೆಲಸ:
ಇಲಿಗಳ ಹಾಸು ಬದಲಿಸುವುದು, ನೀರು, ಕಾಳು,
ಕಿವಿಯ ಸಂಖ್ಯೆ ಓದಿ ಬರೆದುಕೊಳ್ಳುವುದು.
ಹದಿನಾಲ್ಕು ವರ್ಷ. ಕೈಗವಸಿನ ಪುಡಿ
ಮದುವೆಯ ಉಂಗುರಕ್ಕಿಂತ ಹೆಚ್ಚು ಕಾಲ ಬೆರಳಿಗಂಟಿದೆ.

ಮರಿ ಹುಟ್ಟಿದ ಮೂರನೆಯ ದಿನ
ತೂಯಾ ಬರುತ್ತಾಳೆ, ಸೂಜಿ ಹಿಡಿದು.
ಸೂಜಿಯಲ್ಲಿ ರೋಗವಿಲ್ಲ, ರೋಗದ ಸೋಗು ಮಾತ್ರ.
ಮೈ ನಂಬಿಬಿಡುತ್ತದೆ,
ಇಲ್ಲದ ಕಳ್ಳನಿಗೆ ಊರೆಲ್ಲ ಪಂಜು ಹಿಡಿದು ಎದ್ದ ಹಾಗೆ.
ಒಂದೆರಡು ದಿನ. ಆಮೇಲೆ ತಣ್ಣಗೆ.
ಮರಿ ಹಾಲು ಕುಡಿಯುತ್ತದೆ, ರೋಮ ಬರುತ್ತದೆ, ಕಣ್ಣು ಬಿಡುತ್ತದೆ.
ನೋಡಿದರೆ ಏನೂ ಆಗಿಲ್ಲ.

ಇನ್ನು ಕೆಲವಕ್ಕೆ ಸೂಜಿಯಿಲ್ಲ;
ವಂಶದ ಪುಸ್ತಕದಲ್ಲೊಂದು ಅಕ್ಷರ ತಪ್ಪು, ಅಷ್ಟೆ.
ಅವೂ ಹೆಚ್ಚುಕಡಿಮೆ ಎಲ್ಲರಂತೆಯೇ.
ಎರಡೂ ಒಟ್ಟಿಗೆ ಬಿದ್ದವು ಇವೆಯಲ್ಲ,
ಅವು ಬೇರೆ.
ಒಂದೇ ಕೈಯಿಂದ ಚಪ್ಪಾಳೆಯಾಗದು.
ತೂಯಾ ಇದನ್ನು ಗೆರೆ ಎಳೆದು ತೋರಿಸಿದ ದಿನ
ಬಸ್ಸಿನುದ್ದಕ್ಕೂ ನನಗೆ ಕೇಳಿಸಿದ್ದು ಆ ಚಪ್ಪಾಳೆ.

ಅಲ್ವಾರನಿಗೆ ಏಳನೆಯ ವಾರದಲ್ಲಿ ಜ್ವರ.
ಮೂವತ್ತೊಂಬತ್ತು ಪಾಯಿಂಟ್ ಆರು.
ಹೊರಗೆ ಹಿಮ, ಟ್ಯಾಕ್ಸಿ ತಡ, ನಾನು ಮಗುವನ್ನು
ಕೋಟಿನೊಳಗೆ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ.
ಅರ್ಧ ಗಂಟೆ. ನಲವತ್ತು ನಿಮಿಷವೂ ಇರಬಹುದು.
ಅವನು ಅಳಲಿಲ್ಲ.
(ಇಲಿಮರಿ ತಾಯಿಯನ್ನು ಕರೆಯುವುದು
ನಮ್ಮ ಕಿವಿಗೆ ನಿಲುಕದ ಎತ್ತರದಲ್ಲಂತೆ.
ಯಂತ್ರ ಅದನ್ನು ಗೆರೆಗೆರೆಯಾಗಿ ಬರೆಯುತ್ತದೆ.
ಆ ರಾತ್ರಿ ನನ್ನಲ್ಲಿ ಯಂತ್ರವಿರಲಿಲ್ಲ.)

ಕೊರ್ಪೊ ದ್ವೀಪದ ನನ್ನಪ್ಪನೂ ಹಾಗೆ:
ನನ್ನ ಮದುವೆಯ ಊಟದಲ್ಲೂ ಯಾರ ಮುಖವನ್ನೂ ನೋಡದೆ
ಮೇಜುಬಟ್ಟೆಯ ಅಂಚಿನ ಗಂಟು ಎಣಿಸುತ್ತಿದ್ದ.
ಅವನಿಗೆ ಯಾರೂ ಹೆಸರಿಡಲಿಲ್ಲ.
ಮೀನುಗಾರ, ಮಾತು ಕಡಿಮೆ, ಅಂದರು.

"ಇಲಿ ಬೇರೆ, ಮನುಷ್ಯ ಬೇರೆ, ರಿಟ್ವಾ" ಎನ್ನುತ್ತಾಳೆ ತೂಯಾ,
"ಲಕ್ಷ ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ."
ಸರಿ. ಲಕ್ಷದಲ್ಲಿ ಒಬ್ಬ
ನನ್ನ ಕೋಟಿನೊಳಗಿದ್ದ.

ಗುರುತಿನ ಪರೀಕ್ಷೆ ಗುರುವಾರಗಳಂದು.
ಪೆಟ್ಟಿಗೆಯ ಒಂದು ಮೂಲೆಯಲ್ಲಿ ನಿನ್ನೆ ಕಂಡ ಇಲಿ,
ಇನ್ನೊಂದರಲ್ಲಿ ಹೊಸಬ.
ಉಳಿದವು ಹಳೆಯದನ್ನು ಮೂಸಿ, ಸಾಕೆನಿಸಿ,
ಹೊಸಬನ ಹತ್ತಿರ ಹೋಗಿ ಕೂರುತ್ತವೆ.
ನಾನೂರ ಹದಿನೇಳು ಹಾಗಲ್ಲ:
ಇಬ್ಬರ ಮುಂದೆಯೂ ಅಷ್ಟಷ್ಟೇ ಹೊತ್ತು, ಅದೇ ಮೀಸೆಯ ನಡುಕ.
ನೆನಪಿಲ್ಲ, ಎಂದು ಹಾಳೆಯಲ್ಲಿ ಬರೆಯುತ್ತೇವೆ.

ಅದನ್ನು ಅಲ್ವಾರನಿಗೆ ಹೇಳಿದೆ.
ಅವನಿಗೀಗ ಹನ್ನೆರಡು.
ಆಲೂಗಡ್ಡೆಯನ್ನು ನಾಲ್ಕು ಸಮ ತುಂಡು ಮಾಡುತ್ತ,
ತಲೆಯೆತ್ತದೆ ಅಂದ:
"ನೆನಪಿರಬಹುದು.
ಆದರೂ ಮತ್ತೊಮ್ಮೆ ನೋಡಬೇಕು ಅನ್ನಿಸಿರಬಹುದು.
ಇಲಿಯನ್ನು ಕೇಳಿದಿರಾ?"

ತೂಯಾ ನಗಲಿಲ್ಲ.
ಪೆನ್ಸಿಲ್ಲಿನಲ್ಲಿ ಅಂಚಿಗೆ ಗುರುತು ಹಾಕಿಕೊಂಡಳು.
ಆಮೇಲೆ ಅದರ ಸುದ್ದಿಯಿಲ್ಲ.

ಶನಿವಾರ ಔರಾ ನದಿ ದಾಟಲು ಫೊರಿ ದೋಣಿ.
ಈ ದಡದಿಂದ ಆ ದಡಕ್ಕೆ, ಕಾಸಿಲ್ಲದೆ,
ಇವನು ಹನ್ನೊಂದು ಸಲ ಹೋಗಿ ಬರುತ್ತಾನೆ.
ನಾನು ಬೆಂಚಿನ ಮೇಲೆ, ಫ್ಲಾಸ್ಕಿನ ಕಾಫಿ ತಣ್ಣಗಾಗುತ್ತ.
ಕಿತ್ತಳೆ ದೋಣಿಯ ಹಿಂದೆ ಮಂಜುಗಡ್ಡೆ
ಸೀಳುತ್ತದೆ, ಕೂಡುತ್ತದೆ.
ಯೊರ್ಮಾ ಪ್ರತಿ ಸಲವೂ ಟೋಪಿ ಎತ್ತುತ್ತಾನೆ,
ಇವನು ಪ್ರತಿ ಸಲವೂ ಅವನ ಕೈಗವಸಿಗೆ
"ನಮಸ್ಕಾರ" ಎನ್ನುತ್ತಾನೆ, ಇದೀಗ ಕಂಡವನಂತೆ.

ಏಳನೆಯ ಸಲ ದೋಣಿ ನಡುವೆ ನಿಂತಿತು.
ಮೋಟಾರಿನ ಸ್ವರ ಬೆಳಗಿನಿಂದ ಕೆಳಗಿತ್ತಂತೆ,
ಇವನು ಆಗಲೇ ಹೇಳಿದ್ದನಂತೆ.
ಯೊರ್ಮಾ ಮುಚ್ಚಳ ತೆಗೆದು ಬಗ್ಗಿದ,
ಇವನು ಟಾರ್ಚು ಹಿಡಿದ.
ನೀರಿನ ನಡುವೆ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು ನನಗೆ.
ಮಾತಾಡುತ್ತಿದ್ದರೋ ಇಲ್ಲವೋ
ಈ ದಡಕ್ಕೆ ಕೇಳಿಸಲಿಲ್ಲ.