ಕಣ್ಣಿನ ಮಟ್ಟ

ಡಂಡೀಯ ಹಳೆಯ ಸೆಣಬಿನ ಗಿರಣಿ ಈಗ ಚಿತ್ರಶಾಲೆ.
ಮೊರಾಗ್ ಗೆಡ್ಡಿಸ್ ಅಲ್ಲಿ ಮೊದಲು ಮಾಡಿದ ಕೆಲಸ
ಚಿತ್ರ ಬರೆಯುವುದಲ್ಲ,
ಇಳಿಸಿದ ಚಿತ್ರಗಳ ಮೊಳೆತೂತಿಗೆ ಪುಟ್ಟಿ ಮೆತ್ತುವುದು.
ನಮಗೂ ಮೊದಲ ಪಾಠ ಅದೇ:
"ಹಿಂದಿನವರ ಗುರುತು ಬೆರಳಿಗೆ ಸಿಗಬಾರದು."
ಬಾಯಲ್ಲಿ ಮೂರು ಮೊಳೆ ಕಚ್ಚಿಕೊಂಡೇ ಹೇಳುತ್ತಿದ್ದಳು.

ಬರೆದದ್ದೆಲ್ಲ ಗೋಣಿತಟ್ಟಿನ ಮೇಲೆ.
ಗಿರಣಿಯಲ್ಲಿ ದುಡಿದ ಅಜ್ಜಿಯ ಕೆಮ್ಮು,
ಪಾಳಿ ಬಿಟ್ಟ ಹೆಂಗಸರ ಏರುದನಿ,
ಟೇ ನದಿಯ ಬೂದು, ಅದರಲ್ಲೇ ಹದಿನಾರು ಬಗೆ.
ಎಷ್ಟು ಮಾರಾಟವಾದವು, ಕೇಳಬೇಡಿ.
ಊರವರ ಚಿತ್ರ ತೂಗುಹಾಕುವ ಭರದಲ್ಲಿ
ತನ್ನವು ಉಗ್ರಾಣದಲ್ಲಿ
ಗೋಡೆಗೆ ಮುಖ ಮಾಡಿ ನಿಂತವು, ತಪ್ಪು ಮಾಡಿದ ಮಕ್ಕಳ ಹಾಗೆ.

ಅಳತೆಪಟ್ಟಿ ಅವಳಿಗೆ ಬೇಡ.
ಗೋಡೆಗೆದುರು ನಿಂತು
ಕಣ್ಣಿನ ನೇರಕ್ಕೆ ಅಂಗೈ ಅಡ್ಡ ಹಿಡಿದು
"ಇಲ್ಲಿ" ಎಂದರೆ ಇಲ್ಲಿ.
ಸೀಸದಕಡ್ಡಿಯಲ್ಲಿ ಗೆರೆ ಎಳೆಯುವವಳು ನಾನು,
ಇಪ್ಪತ್ತೆರಡು ವರ್ಷ.

ಬೆನ್ನು ಬಾಗುತ್ತಿದೆಯೆಂದು ಯಾರೂ ಹೇಳಲಿಲ್ಲ.
ಚಿತ್ರಗಳು ಹೇಳಿದವು,
ಪ್ರದರ್ಶನಕ್ಕೊಂದು ನೂಲಿನಷ್ಟು ಕೆಳಗಿಳಿಯುತ್ತ.
ನನ್ನ ಗೆರೆಯೂ ಬಾಯಿ ಬಿಡಲಿಲ್ಲ.

ಮೊನ್ನೆ ಅವಳದೇ ಪ್ರದರ್ಶನ. ಅವಳಿಲ್ಲ;
ಸೊಂಟ ಮುರಿದು ಆಸ್ಪತ್ರೆಯಲ್ಲಿ, ನರ್ಸುಗಳಿಗೆ
ಕಿಟಕಿ ಪರದೆಯ ಬಣ್ಣ ಸರಿಯಿಲ್ಲವೆಂದು ಗೊಣಗುತ್ತ.
ಹೊಸ ಹುಡುಗ ಫೆರ್ಗಸ್ ಅಳತೆಪಟ್ಟಿ ಬಿಚ್ಚಿದ:
"ನೆಲದಿಂದ ಐವತ್ತೆಂಟು ಇಂಚು, ಅಲ್ಲವಾ?"

ನಾನು ಮಂಡಿ ತುಸು ಮಡಿಸಿ
ಬೆನ್ನು ಬಗ್ಗಿಸಿ ನಿಂತೆ. ಅಂಗೈ ಅಡ್ಡ.
"ಇಲ್ಲಿ."

ಹುಡುಗ ಗೋಡೆ ಸವರಿದ.
ಅಲ್ಲೇ ಒಂದು ತೂತು,
ಬೆರಳಿಗೆ ಸಿಗುವಂಥದು.