ಎಗರಿದ ಅಕ್ಷರ

ಬ್ರೈಲಾದ ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ
ಕರಡು ತಿದ್ದಿದವನು ನಾನು, ಕಾಸಿಯನ್.
ಈಗ ಮೇಜಿಗೆ ಬಂದಿದೆ,
ದೂರದ ದೇಶದ ಬೆಚ್ಚನೆ ಕೋಣೆಯಲ್ಲಿ ಕೂತು
ಯಾರೋ ಬರೆದ ಕಾದಂಬರಿಯ ಅನುವಾದ:
ಇಲ್ಲದ ಒಂದು ದೇಶ, ಇಲ್ಲದ ಒಬ್ಬ ದೊರೆ,
ಗೋಡೆಗೊಂದು ಗಾಜಿನ ಕಣ್ಣು,
ಎಲ್ಲರಿಗೂ ಒಂದೇ ಬಣ್ಣದ, ಇಸ್ತ್ರಿ ಮಾಡಿದ ಅಂಗಿ.

ಪುಟ ಹನ್ನೆರಡರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ:
ಇಸ್ತ್ರಿಗೆ ಕರೆಂಟು ಎಲ್ಲಿಂದ ಬಂತು?

ಅವನ ದೇಶದ ಲಿಫ್ಟುಗಳು ಸದ್ದಿಲ್ಲದೆ ಏರುತ್ತವೆ.
ನಮ್ಮದು ನಾಲ್ಕು ಐದರ ನಡುವೆ
ಒಂದು ಚಳಿಗಾಲ ಪೂರ್ತಿ ನಿಂತಿತ್ತು,
ಒಳಗೆ ಯಾರದೋ ಎಲೆಕೋಸಿನ ಚೀಲ.
ಆ ವಾಸನೆಗೆ ಇಲ್ಲಿ ಯಾವ ಪುಟದಲ್ಲೂ ಜಾಗವಿಲ್ಲ.

ಅಲ್ಲಿ ಪುಸ್ತಕವೇ ಇಲ್ಲವಂತೆ.
ನಮಗೆ ಪುಸ್ತಕಕ್ಕೇನು ಬರ?
ದೊರೆಯ ಭಾಷಣದ ಸಂಪುಟ ಎಷ್ಟು ಅಚ್ಚಾದವೆಂದರೆ
ಸೂರ್ಯಕಾಂತಿ ಬೀಜದ ಪೊಟ್ಟಣಕ್ಕೂ ಅವೇ ಹಾಳೆ.
ಬೆರಳು ನೆಕ್ಕಿದರೆ ಉಪ್ಪಿನ ಜೊತೆ ಪಂಚವಾರ್ಷಿಕ ಯೋಜನೆಯ ಮಸಿ.
ಚಿತ್ರವಿದ್ದ ಪುಟ ಮಾತ್ರ
ಯಾರೂ ಹರಿಯುತ್ತಿರಲಿಲ್ಲ.

ಮತ್ತೆ ಇವನ ಜನ ನಗುವುದೇ ಇಲ್ಲ!
ನಾವೋ, ಮೊಟ್ಟೆಯ ಸಾಲಿನಲ್ಲಿ ಹಿಮ ತುಳಿಯುತ್ತ
ಬಿದ್ದು ಬಿದ್ದು ನಕ್ಕವರು—
ಮೊದಲು ಹಿಂದೆ ತಿರುಗಿ ನೋಡಿ, ಆಮೇಲೆ.
ನಕ್ಕವರಲ್ಲೊಬ್ಬ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳುತ್ತಿದ್ದ:
ಇದನ್ನು ನಿನಗೆ ಹೇಳಿದ್ದು ಯಾರು?

ಹೊಟ್ಟೆ ತುಂಬಿದವನ ನರಕ ಬಲು ಅಚ್ಚುಕಟ್ಟು.

ವರ್ಷಕ್ಕೊಮ್ಮೆ ಬೆರಳಚ್ಚು ಯಂತ್ರ ಹೊತ್ತು
ಠಾಣೆಗೆ ನಡೆಯಬೇಕಿತ್ತು ನಾನು,
ಚುಚ್ಚುಮದ್ದಿಗೆ ಕೂಸನ್ನು ಒಯ್ದಂತೆ, ಕಂಬಳಿ ಸುತ್ತಿ.
ಇದ್ದ ಅಕ್ಷರವನ್ನೆಲ್ಲ ಹೊಡೆದು ತೋರಿಸಬೇಕು.
ನನ್ನ ಯಂತ್ರದ ‘ಆರ್’ ತುಸು ಮೇಲೆ ಎಗರುತ್ತಿತ್ತು,
ಬೇಲಿ ಹಾರುವ ಕುರಿ.
ಕ್ಯಾಪ್ಟನ್ ಟೋಡೆರಾಶ್ಕು ಅದರ ಸುತ್ತ ಕೆಂಪು ಸೊನ್ನೆ ಎಳೆದು
‘ನಿನ್ನ ಹೆಬ್ಬೆಟ್ಟು ಇದೇ ಇನ್ನು’ ಎಂದ.

ಇದು ಕಾದಂಬರಿಯಲ್ಲಿದ್ದಿದ್ದರೆ
ಅತಿಯಾಯಿತು ಎಂದು ನಾನೇ ಗೆರೆ ಎಳೆಯುತ್ತಿದ್ದೆ.

ಹೋದ ಮಾರ್ಚಿನಲ್ಲಿ ಬುಕಾರೆಸ್ಟಿಗೆ ಹೋಗಿ
ನನ್ನ ಕಡತ ತೆರೆಸಿದೆ. ಇನ್ನೂರ ನಲವತ್ತು ಹಾಳೆ.
ವ್ಯಕ್ತಿ ಈರುಳ್ಳಿಗೆ ಹೋದ.
ಈರುಳ್ಳಿ ಸಿಗಲಿಲ್ಲ.
ನಿಟ್ಟುಸಿರು ಬಿಟ್ಟ. ನಿಟ್ಟುಸಿರಿನ ಉದ್ದೇಶ ತಿಳಿಯಬೇಕಿದೆ.
ಸಹಿ, ‘ಬೆಸ್ತ’.
ಕಾಗುಣಿತದ ಎರಡು ತಪ್ಪು; ಕೈ ತನ್ನಷ್ಟಕ್ಕೆ ಪೆನ್ಸಿಲು ಹುಡುಕಿತು.
ಆಗ ಕಂಡೆ, ಸಾಲು ಸಾಲಿನಲ್ಲೂ
ಕುರಿ ಬೇಲಿ ಹಾರುತ್ತಿತ್ತು.

ಗುರುವಾರ ಗುರುವಾರ ಯಂತ್ರ ಕೇಳಿ ಒಯ್ಯುತ್ತಿದ್ದವನು
ಸಾಬಿನ್, ನನ್ನ ಭಾವಮೈದ. ಮಗನ ಶಾಲೆಗೆ ಅರ್ಜಿ ಎನ್ನುತ್ತಿದ್ದ.
ವಾಪಸು ತರುವಾಗ ಅದಕ್ಕೆ ಹೊಸ ರಿಬ್ಬನ್ನು—
ಊರಲ್ಲೆಲ್ಲೂ ರಿಬ್ಬನ್ನು ಸಿಗದ ವರ್ಷಗಳಲ್ಲಿ.
ಎಲ್ಲಿಂದ ತಂದೆ ಎಂದು ನಾನೂ ಕೇಳಲಿಲ್ಲ.
ಅವನ ಶವಪೆಟ್ಟಿಗೆಯ ಎಡ ಮೂಲೆಗೆ
ಹೆಗಲು ಕೊಟ್ಟವನು ನಾನೇ.

ಪುಟ ಇನ್ನೂರ ಒಂಬತ್ತು: ಕಪ್ಪು ಕೋಟು ತೊಟ್ಟ ಗೂಢಚಾರ
ಕತ್ತಲಿಂದ ಹೊರಬರುತ್ತಾನೆ.
ಕೋಟು ಬೇಡ, ಎಂದು ಅಂಚಿನಲ್ಲಿ ಬರೆದೆ.
ಬಾಗಿಲು ತಟ್ಟಲಿ. ಮಕ್ಕಳ ಹೆಸರು ಹಿಡಿದು ಕರೆಯಲಿ.
ಬರೆದು, ರಬ್ಬರಿನಿಂದ ಉಜ್ಜಿದೆ.
ಕರಡು ತಿದ್ದುವವನಿಗೆ ಕಥೆಯ ಉಸಾಬರಿ ಯಾಕೆ?

ಝಮ್ಫಿರಾಳಿಗೆ ಇನ್ನೂ ಹೇಳಿಲ್ಲ.
ಭಾನುವಾರ ತಮ್ಮನ ಗೋರಿಗೆ ಮೇಣದಬತ್ತಿ ಹಚ್ಚಲು ಹೋಗುತ್ತಾಳೆ,
ಚೀಲ ನಾನು ಹಿಡಿಯುತ್ತೇನೆ.
ಹಿಂದಿರುಗುವ ದಾರಿಯಲ್ಲಿ, ಡ್ಯಾನ್ಯೂಬಿನ ಗಾಳಿಗೆ ತಲೆವಸ್ತ್ರ ಬಿಗಿಯುತ್ತ,
‘ಯಾಕೆ ನಿಟ್ಟುಸಿರು?’ ಎನ್ನುತ್ತಾಳೆ.

ಏನಿಲ್ಲ, ಎನ್ನುತ್ತೇನೆ.
ಈರುಳ್ಳಿ ತರುವುದು ಮರೆತೆ.