ಕಾಲು ಸುತ್ತು

ಉಲಾನ್‌ಬಾತರ್. ಜನವರಿ. ಹೊರಗೆ ಮೈನಸ್ ಮೂವತ್ತೊಂದು.
ಹದಿನಾರನೆಯ ಕಟ್ಟಡದ ಮೊದಲ ಮನೆಯಲ್ಲಿ
ದುಲಮ್‌ಸುರೆನ್ ಕಿಟಕಿ ಹಾರುಹೊಡೆದಿದ್ದಾಳೆ.
ಪರದೆ ಹೊರಕ್ಕೆ ಹಾರಿ, ಹಬೆಗೆ ನೆನೆದು
ಹಲಗೆಯಂತೆ ಸೆಟೆದು ನಿಂತಿದೆ.
ಒಳಗೆ ಅವಳು ತೋಳಿಲ್ಲದ ಅಂಗಿಯಲ್ಲಿ ಹಿಟ್ಟು ನಾದುತ್ತ
'ಏನು ಮಾಡಲಿ ತಾಯಿ, ಈ ರೇಡಿಯೇಟರಿಗೆ
ಹಿಂಡೋಣವೆಂದರೆ ಕಿವಿಯೇ ಇಲ್ಲ' ಅನ್ನುತ್ತಾಳೆ.
ನಿಜ. ಕಟ್ಟಿದವರು ತಿರುಪು ಇಟ್ಟಿರಲಿಲ್ಲ.
ಕಿಟಕಿಯೇ ಅವಳ ತಿರುಪು.

ಆರನೆಯ ಬಾಗಿಲಲ್ಲಿ ಹೊಕ್ಕು, ಒಂಬತ್ತನೆಯ ಮಹಡಿ ಹತ್ತಿದರೆ
ಭೂಗೋಳದ ಮೇಷ್ಟ್ರು ನೊರೊವ್‌ಸಂಬೂ, ನಿವೃತ್ತರು,
ನರಿಯ ತುಪ್ಪಳದ ಟೋಪಿ ತೆಗೆಯದೆ ಚಹಾ ಹೀರುತ್ತಾರೆ.
ಗೋಡೆಯ ನಕಾಶೆಯಲ್ಲಿ ಸಮಭಾಜಕ ವೃತ್ತದ ಮೇಲೆ
ಬೆರಳಿಟ್ಟು ಕಾಯಿಸಿಕೊಳ್ಳುತ್ತಾರೆಂದು ಮಕ್ಕಳ ಗೇಲಿ.
ತಿಂಗಳಿಗೊಂದು ದೂರು, ಮುತ್ತು ಪೋಣಿಸಿದ ಅಕ್ಷರ:
'ನನ್ನ ಕೋಣೆಯ ಉಷ್ಣತೆ ಹನ್ನೊಂದು. ವಂದನೆಗಳು.'

ಹೋದ ವರ್ಷ ಉತ್ತರವಾಗಿ ದೊಡ್ಡ ಪಂಪು ಬಂತು.
ರಿಬ್ಬನ್ ಕತ್ತರಿಸಿದರು.
ಪಂಪು ಗುಡುಗಿತು, ಕೊಳವೆ ನಡುಗಿತು,
ದುಲಮ್‌ಸುರೆನ್ ಎರಡನೆಯ ಕಿಟಕಿಯನ್ನೂ ತೆರೆದಳು.
ಮೇಷ್ಟ್ರ ಮುಂದಿನ ಪತ್ರ:
'ಹನ್ನೊಂದೂವರೆ. ಸದ್ದಿಗೂ ವಂದನೆಗಳು.'

ನನ್ನ ಅಮ್ಮ ಬೆಟ್ಟದ ಇಳಿಜಾರಿನ ಗೆರ್‌ನಲ್ಲಿ
ಚಳಿಗಾಲವನ್ನು ಕಲ್ಲಿದ್ದಲ ಮೂಟೆಗಳಲ್ಲಿ ಎಣಿಸುವವಳು.
ಬಿಸಿಯನ್ನು ಕಿಟಕಿಯಿಂದ ಆಚೆ ಚೆಲ್ಲುವ ಜನರಿದ್ದಾರೆಂದರೆ
'ಕಥೆ ಕಟ್ಟಬೇಡ' ಅಂದಳು.

ಒಂದು ಕೀಲಿಕೈ, ಒಂದು ಉಷ್ಣಮಾಪಕ,
ರೂಲು ಹಾಕಿದ ನೋಟುಬುಕ್ಕು ಹಿಡಿದು ನಾನು
ನೆಲಮಾಳಿಗೆಗೆ ಇಳಿದಾಗ
ಲುವ್ಸಂದಾಶ್ ಸ್ಕ್ರೂಡ್ರೈವರಿನ ತುದಿ ಕೊಳವೆಗೆ, ಹಿಡಿ ಕಿವಿಗಿಟ್ಟು
ನಾಡಿ ನೋಡುವ ಪಂಡಿತನ ಹಾಗೆ ಕಣ್ಣು ಮುಚ್ಚಿದ್ದ.
ಇಪ್ಪತ್ತೆರಡು ಚಳಿಗಾಲ ಈ ಕಬ್ಬಿಣದ ಜೊತೆ.
'ಎಲ್ಲ ಪೂರ್ತಿ ತೆರೆದಿಟ್ಟಿದ್ದೇನೆ, ಹುಡುಗಿ.
ನಾನು ಯಾರಿಗೂ ಕೈ ಬಿಗಿಹಿಡಿದವನಲ್ಲ.'

ಹೇಗೆ ಹೇಳಲಿ ಅವನಿಗೆ,
ನೀರಿಗೆ ದಾಕ್ಷಿಣ್ಯವಿಲ್ಲವೆಂದು?
ಹತ್ತಿರದ ಬಾಗಿಲು ತೆರೆದಿದ್ದರೆ ಅಲ್ಲೇ ನುಗ್ಗಿ,
ಅಲ್ಲೇ ಹೊರಳಿ, ಬಂದ ದಾರಿ ಹಿಡಿಯುತ್ತದೆ.
ಕೊನೆಯ ಮನೆಗೆ ಮುಟ್ಟುವುದು
ಪಂಕ್ತಿಯ ತುದಿಗೆ ಬರುವ ಪಾಯಸ:
ಪಾತ್ರೆಯ ತಳಕ್ಕೆ ಸೌಟು ತಾಗುವ ಸದ್ದು.

ಮೊದಲ ಕವಾಟ. ಕಾಲು ಸುತ್ತು ಮುಚ್ಚು.
ಕಾಯು. ಮರಳುವ ನೀರಿನ ಬಿಸಿ ಬರೆ.
ಎರಡನೆಯದು. ಕಾಲು ಸುತ್ತು. ಕಾಯು. ಬರೆ.
ಐದನೆಯದನ್ನು ಹಿಂಡಿದರೆ ಎರಡನೆಯದು ಮುನಿಸಿಕೊಂಡಿತು.
ಮತ್ತೆ ಮೊದಲಿಂದ.
ಎರಡನೆಯ ರಾತ್ರಿ ನಾನು ತೂಕಡಿಸಿ ಎದ್ದಾಗ
ಎರಡು ಕವಾಟ ಮತ್ತೆ ಪೂರ್ತಿ ತೆರೆದಿದ್ದವು.
ಲುವ್ಸಂದಾಶ್ ಗೋಡೆ ನೋಡುತ್ತಿದ್ದ.
ನಾನು ಬೈಯಲಿಲ್ಲ.
'ಬನ್ನಿ' ಅಂದೆ. ಲಿಫ್ಟು ಕೆಟ್ಟಿತ್ತು.

ಒಂಬತ್ತನೆಯ ಮಹಡಿಯಲ್ಲಿ ಮೇಷ್ಟ್ರು
ಇದ್ದೊಂದು ಕುರ್ಚಿ ಕೊಟ್ಟರು, ಉಪ್ಪು ಚಹಾ ಸುರಿದರು,
ಏದುಸಿರು ಬಿಡುವ ಅತಿಥಿಯ ತಲೆಗೆ
ತಮ್ಮ ಟೋಪಿಯನ್ನೇ ತೆಗೆದಿಟ್ಟರು.
ಲುವ್ಸಂದಾಶ್ ರೇಡಿಯೇಟರಿನ ಮೇಲೆ ಅಂಗೈ ಊರಿದ.
ಊರಿಯೇ ಇದ್ದ.
'ಇದು ನನ್ನ ಕೊಳವೆಯಾ?'
ಅಂದವನು ಇಳಿದು ಬಂದು
ಆ ಎರಡನ್ನೂ ತಾನೇ ಮುಚ್ಚಿದ. ಕಾಲು ಸುತ್ತು.
ಸ್ವಲ್ಪ ಯೋಚಿಸಿ, ಇನ್ನೊಂದು ಕೂದಲೆಳೆಯಷ್ಟು.

ನಾಲ್ಕನೆಯ ದಿನ ದೊಡ್ಡ ಪಂಪು ಆರಿಸಿ
ಧೂಳು ಹಿಡಿದಿದ್ದ ಹಳೆಯ ಸಣ್ಣದನ್ನು ಹಚ್ಚಿದೆವು.
'ನನ್ನ ಬಿಸಿ ಕದ್ದೆಯಲ್ಲೇ' ಎಂದು
ದುಲಮ್‌ಸುರೆನ್ ಲಟ್ಟಣಿಗೆ ಹಿಡಿದೇ ಬಂದಳು;
ಸಂಜೆಗೆ ಕಿಟಕಿ ಮುಚ್ಚಿದಳು. ಪರದೆ ಒಳಗೆ ಬಂದು
ರಾತ್ರಿಯಿಡೀ ತೊಟ್ಟಿಕ್ಕಿತು.
ದೂರದ ಚಿಮಣಿ ಎಂದಿನಂತೆ ಹೊಗೆ ಕಾರುತ್ತಿತ್ತು.
ಹದಿನಾರನೆಯ ಕಟ್ಟಡದ ಮೀಟರು ಮಾತ್ರ
ಮೊದಲ ಬಾರಿಗೆ ನಡೆದು ಹೋಗುತ್ತಿತ್ತು,
ಓಡದೆ.

ತಿಂಗಳ ಕೊನೆಗೆ ಪತ್ರ, ಅದೇ ಮುತ್ತಿನಕ್ಷರ:
'ಹತ್ತೊಂಬತ್ತು. ಟೋಪಿ ಮರಳಿಸಲು ಅವಸರವಿಲ್ಲ.
ಮೆಟ್ಟಿಲ ದೀಪಗಳು ಹಗಲೂ ಉರಿಯುತ್ತಿವೆ, ಗಮನಿಸಿ.
ವಂದನೆಗಳು.'

ಲುವ್ಸಂದಾಶ್ ಏಣಿ ತರಲು ಹೋದ.